ಅಡ್ಡಕ್ಕೆ ಹರಡಿದ ಸಮೀಕ್ಷೆಯನ್ನು ಉದ್ದಕ್ಕೆ ತಿರುಗಿಸುವುದು ಹೇಗೆ?

ಸಮೀಕ್ಷೆಯ ಹಾಳೆ ಕೈಗೆ ಬಂದ ಕೂಡಲೇ ಎಕ್ಸೆಲ್‌ನಲ್ಲಿ ನೇರವಾಗಿ ಪಿವೋಟ್ ಟೇಬಲ್, ಅಂದರೆ ಸಾಲುಗಳನ್ನು ಗುಂಪುಮಾಡಿ ಲೆಕ್ಕ ತೋರಿಸುವ ಕೋಷ್ಟಕ, ಹಾಕಲು ಹೊರಡುವವರೇ ಹೆಚ್ಚು. ಎಂಟು ಪ್ರಶ್ನೆಗೆ ಎಂಟು ಕಾಲಂ. ಒಂದೊಂದಕ್ಕೂ ಒಂದು ಪುಟ್ಟ ಟೇಬಲ್ ಮಾಡಿ, ಕೊನೆಗೆ ಎಲ್ಲವನ್ನೂ ಕೈಯಿಂದ ಒಂದೆಡೆ ಅಂಟಿಸುತ್ತಾರೆ. ತಪ್ಪು ನುಸುಳುವುದು ಈ ಅಂಟಿಸುವಿಕೆಯಲ್ಲೇ. ಮೊದಲು ಹಾಳೆಯ ಆಕಾರ ಬದಲಿಸಿಕೊಂಡರೆ ಒಂದೇ ಟೇಬಲ್ ಸಾಕು.

ಒಂದು ಪಂಚಾಯಿತಿಯ 120 ಮನೆಗಳ ಸಮೀಕ್ಷೆ ಎಂದಿಟ್ಟುಕೊಳ್ಳಿ. ಮನೆ ಸಂಖ್ಯೆ, ಊರು, ಆಮೇಲೆ ನೀರು, ರಸ್ತೆ, ಬೀದಿದೀಪ, ಚರಂಡಿ, ಅಂಗನವಾಡಿ, ಪಡಿತರ, ಬಸ್ಸು, ಕಸ ಎಂಬ ಎಂಟು ಸೇವೆಗಳಿಗೆ 1ರಿಂದ 5ರವರೆಗೆ ಅಂಕ. ಜೊತೆಗೆ ‘ಕುಡಿಯುವ ನೀರು ಎಲ್ಲಿಂದ?’ ಎಂಬ, ಒಂದಕ್ಕಿಂತ ಹೆಚ್ಚು ಉತ್ತರ ಗುರುತಿಸಬಹುದಾದ ಪ್ರಶ್ನೆ. ನಮಗೆ ಬೇಕಿರುವ ಆಕಾರದಲ್ಲಿ ಒಂದು ಸಾಲಿಗೆ ಒಂದು ಮನೆ, ಒಂದು ಸೇವೆ, ಒಂದು ಅಂಕ ಇರಬೇಕು. ಅಂದರೆ 120 ಸಾಲು 960 ಸಾಲಾಗಬೇಕು. ಈ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1. ಹಾಳೆ ಸಿದ್ಧಮಾಡಿ. ಹೆಡರ್ ಒಂದೇ ಸಾಲಿನಲ್ಲಿರಲಿ, ಮರ್ಜ್ ಆದ ಸೆಲ್‌ಗಳನ್ನು ಬಿಡಿಸಿ, ಪ್ರತಿ ಮನೆಗೂ ಬೇರೆಯದೇ ಸಂಖ್ಯೆ ಕೊಡಿ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರಿ ಅಕ್ಷರಗಳ) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ ಕನ್ನಡ ಚಿತ್ರವಿಚಿತ್ರ ಅಕ್ಷರಗಳಾಗಿ ಕಂಡರೆ, ಮುಚ್ಚಿ. ‘ಡೇಟಾ’ ಟ್ಯಾಬ್‌ನ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತಂದು, ಫೈಲ್ ಒರಿಜಿನ್‌ನಲ್ಲಿ 65001, ಅಂದರೆ ಯೂನಿಕೋಡ್ ಯುಟಿಎಫ್-8 ಆರಿಸಿ.

2. ಪವರ್ ಕ್ವೆರಿಗೆ, ಅಂದರೆ ಡೇಟಾದ ಆಕಾರ ಬದಲಿಸುವ ಎಕ್ಸೆಲ್‌ನ ಸಲಕರಣೆಗೆ, ಒಯ್ಯಿರಿ. ಎಕ್ಸೆಲ್ 2016ರಿಂದೀಚೆಗೆ ಇದು ಒಳಗೇ ಇದೆ. ಕಂಟ್ರೋಲ್+ಟಿ ಒತ್ತಿ ಟೇಬಲ್ ಮಾಡಿ, ‘ಫ್ರಮ್ ಟೇಬಲ್/ರೇಂಜ್’ ಒತ್ತಿ. ಬಲಗಡೆಯ ಹಂತಗಳ ಪಟ್ಟಿಯಲ್ಲಿ ‘ಚೇಂಜ್ಡ್ ಟೈಪ್’ ಎಂಬುದು ತಾನಾಗಿಯೇ ಸೇರಿಕೊಂಡಿರುತ್ತದೆ. ಅದನ್ನು ಅಳಿಸಿ. ಪ್ರತಿ ಕಾಲಂನ ಹೆಸರೂ ಅದರೊಳಗೆ ಬರೆದುಹೋಗಿರುತ್ತದೆ. ನಾಳೆ ಯಾರಾದರೂ ‘ಕಸ’ವನ್ನು ‘ಕಸ ವಿಲೇವಾರಿ’ ಎಂದು ತಿದ್ದಿದರೆ ಕಾಲಂ ಸಿಗಲಿಲ್ಲವೆಂದು ಕ್ವೆರಿ ನಿಂತುಹೋಗುತ್ತದೆ.

3. ತಿರುಗಿಸಿ. ಹೆಚ್ಚಿನವರು ಎಡವುವುದು ಇಲ್ಲಿ. ನಿಧಾನವಾಗಿ ಮಾಡಿ.

ಮೊದಲು ಟೈಮ್‌ಸ್ಟ್ಯಾಂಪ್, ಫೋನ್ ನಂಬರ್, ಷರಾ ಮತ್ತು ನೀರಿನ ಮೂಲದ ಕಾಲಂಗಳನ್ನು ಈ ಕ್ವೆರಿಯಿಂದ ತೆಗೆದುಬಿಡಿ. ಇಲ್ಲದಿದ್ದರೆ ಫೋನ್ ನಂಬರ್ ಕೂಡ ಒಂದು ‘ಸೇವೆ’ಯಾಗಿ, ಅದರ ಅಂಕೆ ಸರಾಸರಿಯೊಳಗೆ ಸೇರಿಕೊಳ್ಳುತ್ತದೆ.

ಎರಡನೆಯದು ಖಾಲಿ ಸೆಲ್. ಅನ್‌ಪಿವೋಟ್ (ಕಾಲಂಗಳನ್ನು ಸಾಲುಗಳಾಗಿ ತಿರುಗಿಸುವುದು) ಮಾಡುವಾಗ ಎಕ್ಸೆಲ್ ಖಾಲಿ ಇರುವುದನ್ನು, ಕ್ವೆರಿಯೊಳಗೆ ‘ನಲ್’ ಎಂದು ಕಾಣುವುದನ್ನು, ಹೇಳದೆ ಕೇಳದೆ ಬಿಟ್ಟುಬಿಡುತ್ತದೆ. 29 ಉತ್ತರ ಖಾಲಿ ಇದ್ದರೆ 960ರ ಬದಲು 931 ಸಾಲು ಬರುತ್ತವೆ. ಎಷ್ಟು ಮನೆಯವರು ಉತ್ತರಿಸಲಿಲ್ಲ ಎಂಬುದು ವರದಿಯಲ್ಲಿ ಬೇಕೇ ಬೇಕು. ಆದ್ದರಿಂದ ಎಂಟೂ ಕಾಲಂ ಆರಿಸಿ, ‘ರಿಪ್ಲೇಸ್ ವ್ಯಾಲ್ಯೂಸ್’ನಲ್ಲಿ ನಲ್ ಇದ್ದಲ್ಲಿ ‘ಉತ್ತರವಿಲ್ಲ’ ಎಂದು ಹಾಕಿ. 99 ಎಂದು ಹಾಕುವ ಹಳೆಯ ರೂಢಿ ಬೇಡ: ಫಿಲ್ಟರ್ ಮಾಡಲು ಮರೆತರೆ 1ರಿಂದ 5ರ ನಡುವೆ ಇರಬೇಕಾದ ಸರಾಸರಿ 5ನ್ನೂ ದಾಟಿ ಹಾರಬಹುದು. ಅದಕ್ಕಿಂತ ಅಪಾಯವೆಂದರೆ, ಒಂದೇ ಒಂದು 99 ಇದ್ದಾಗ ಸರಾಸರಿ ತುಸುವೇ ಏರಿ, ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಮನೆ ಸಂಖ್ಯೆ, ಊರು ಎರಡನ್ನೇ ಆರಿಸಿ, ಬಲ ಕ್ಲಿಕ್ ಮಾಡಿ, ‘ಅನ್‌ಪಿವೋಟ್ ಅದರ್ ಕಾಲಮ್ಸ್’ ಒತ್ತಿ. ಎಂಟು ಕಾಲಂ ಆರಿಸಿ ‘ಅನ್‌ಪಿವೋಟ್ ಓನ್ಲಿ ಸೆಲೆಕ್ಟೆಡ್ ಕಾಲಮ್ಸ್’ ಒತ್ತಿದರೂ ಇವತ್ತಿಗೆ ಫಲ ಅದೇ. ಆದರೆ ಮುಂದಿನ ಸುತ್ತಿನಲ್ಲಿ ಒಂಬತ್ತನೇ ಸೇವೆ ಸೇರಿದಾಗ ಅದು ತಿರುಗದೆ ಪಕ್ಕದಲ್ಲಿ ಉಳಿಯುತ್ತದೆ. ಮೊದಲನೆಯದನ್ನೇ ಬಳಸಿ.

‘ಆಟ್ರಿಬ್ಯೂಟ್’, ‘ವ್ಯಾಲ್ಯೂ’ ಎಂಬ ಎರಡು ಕಾಲಂ ಬರುತ್ತವೆ. ಸೇವೆ, ಅಂಕ ಎಂದು ಹೆಸರಿಡಿ. ಗೂಗಲ್ ಫಾರ್ಮ್ಸ್‌ನ ಗ್ರಿಡ್ ಪ್ರಶ್ನೆಯಾದರೆ ಸೇವೆಯ ಜಾಗದಲ್ಲಿ ‘ಸೇವೆಗಳಿಗೆ ಅಂಕ ಕೊಡಿ [ನೀರು]’ ಎಂದು ಪೂರ್ತಿ ಪ್ರಶ್ನೆ ಇರುತ್ತದೆ. ‘ಎಕ್ಸ್‌ಟ್ರಾಕ್ಟ್’ ಮೆನುವಿನ ‘ಟೆಕ್ಸ್ಟ್ ಬಿಟ್ವೀನ್ ಡಿಲಿಮಿಟರ್ಸ್’ನಲ್ಲಿ ಎರಡು ಚೌಕ ಆವರಣಗಳನ್ನು ಕೊಟ್ಟರೆ ‘ನೀರು’ ಮಾತ್ರ ಉಳಿಯುತ್ತದೆ. ‘ಕ್ಲೋಸ್ ಆ್ಯಂಡ್ ಲೋಡ್’ ಒತ್ತಿ, ಸಾಲು ಎಣಿಸಿ. 960 ಬರದಿದ್ದರೆ ಮುಂದೆ ಹೋಗಬೇಡಿ.

ಇದನ್ನು ಚಿಟಿಕೆಯಲ್ಲಿ ಮಾಡಿಕೊಡುತ್ತೇವೆನ್ನುವ ಉಚಿತ ವೆಬ್‌ಸೈಟ್‌ಗಳಿವೆ. ಜನರ ಮನೆ, ಫೋನ್ ವಿವರ ಇರುವ ಹಾಳೆಯನ್ನು ಅಲ್ಲಿಗೆ ಏರಿಸಲೇಬೇಡಿ. ಗೂಗಲ್ ಶೀಟ್ಸ್‌ನಲ್ಲೇ ಕೆಲಸ ಮಾಡುವವರು ಮನೆ ಸಂಖ್ಯೆ, ಊರು, ಹೆಡರ್, ಅಂಕಗಳನ್ನು ನಡುವೆ ಒಂದು ಲಂಬಗೆರೆ ಹಾಕಿ ಜೋಡಿಸಿ, ‘ಫ್ಲಾಟನ್’ ಮಾಡಿ (ಎಲ್ಲವನ್ನೂ ಒಂದೇ ಕಾಲಂಗೆ ಇಳಿಸಿ), ‘ಸ್ಪ್ಲಿಟ್’ನಿಂದ ಒಡೆಯಬಹುದು. ಸ್ಪ್ಲಿಟ್‌ನ ನಾಲ್ಕನೇ ಆರ್ಗ್ಯುಮೆಂಟ್ ‘ಫಾಲ್ಸ್’ ಇರಲಿ. ಇಲ್ಲವಾದರೆ ಊರು ಖಾಲಿ ಇರುವ ಸಾಲಿನಲ್ಲಿ ಸೇವೆಯ ಹೆಸರು ಊರಿನ ಕಾಲಂಗೆ ಜರುಗುತ್ತದೆ.

4. ಹಲವು ಉತ್ತರದ ಪ್ರಶ್ನೆಗೆ ಬೇರೆ ಕ್ವೆರಿ. ಮೂಲ ಟೇಬಲ್‌ನಿಂದ ಇನ್ನೊಂದು ಕ್ವೆರಿ ತೆರೆದು ಮನೆ ಸಂಖ್ಯೆ, ಊರು, ನೀರಿನ ಮೂಲ ಮಾತ್ರ ಇಟ್ಟುಕೊಳ್ಳಿ. ಸೆಲ್‌ನಲ್ಲಿ ‘ನಲ್ಲಿ, ಟ್ಯಾಂಕರ್’ ಎಂದು ಅಲ್ಪವಿರಾಮದೊಂದಿಗೆ ಇರುತ್ತದೆ. ‘ಸ್ಪ್ಲಿಟ್ ಕಾಲಂ ಬೈ ಡಿಲಿಮಿಟರ್’ ತೆರೆದು, ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ‘ರೋಸ್’ ಆರಿಸಿ. ಸುಮ್ಮನೆ ಬಿಟ್ಟರೆ ಮತ್ತೆ ಅಡ್ಡಕ್ಕೇ ಒಡೆಯುತ್ತದೆ. ಆಮೇಲೆ ‘ಟ್ರಿಮ್’ ಮಾಡಿ ಅಕ್ಕಪಕ್ಕದ ಖಾಲಿ ಜಾಗ ತೆಗೆಯಿರಿ. ಆಯ್ಕೆಯ ಒಳಗೇ ಅಲ್ಪವಿರಾಮ ಇದ್ದರೆ, ಉದಾಹರಣೆಗೆ ‘ಬಾವಿ, ಸ್ವಂತದ್ದು’, ಒಂದು ಉತ್ತರ ಎರಡಾಗುತ್ತದೆ. ಒಡೆಯುವ ಮುಂಚೆ ಅದನ್ನು ‘ಸ್ವಂತ ಬಾವಿ’ ಎಂದು ಬದಲಿಸಿ.

ಕನ್ನಡದಲ್ಲಿ ಟೈಪಿಸಿದ ಉತ್ತರಗಳಿಗೆ ಇನ್ನೊಂದು ಕಾಟವಿದೆ. ‘ಟ್ಯಾಂಕರ್’ ಎಂಬುದು ಪಟ್ಟಿಯಲ್ಲಿ ಎರಡು ಸಲ ಕಾಣುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಒಂದರ ತುದಿಯಲ್ಲಿ ಅರ್ಧಾಕ್ಷರಕ್ಕಾಗಿ ಹಾಕುವ ಕಾಣದ ಚಿಹ್ನೆ ಇರುತ್ತದೆ. ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಆ ಸೆಲ್ ಅನ್ನೇ ಕಾಪಿ ಮಾಡಿ ‘ರಿಪ್ಲೇಸ್ ವ್ಯಾಲ್ಯೂಸ್’ನ ಹುಡುಕುವ ಜಾಗದಲ್ಲಿ ಅಂಟಿಸಿ. ಕೈಯಿಂದ ಟೈಪ್ ಮಾಡಿದರೆ ಅದು ಸಿಗುವುದಿಲ್ಲ.

5. ಪಿವೋಟ್ ಟೇಬಲ್. ಸೇವೆಯನ್ನು ‘ರೋಸ್’ಗೆ, ಊರನ್ನು ‘ಕಾಲಮ್ಸ್’ಗೆ, ಅಂಕವನ್ನು ‘ವ್ಯಾಲ್ಯೂಸ್’ಗೆ ಎಳೆಯಿರಿ. ಸರಾಸರಿ ಬೇಕಿದ್ದಾಗ ಲೆಕ್ಕವನ್ನು ‘ಆ್ಯವರೇಜ್’ಗೆ ಬದಲಿಸಿ, ‘ಉತ್ತರವಿಲ್ಲ’ ಸಾಲುಗಳನ್ನು ಫಿಲ್ಟರ್ ಮಾಡಿ.

ನೀರಿನ ಮೂಲದ ಟೇಬಲ್‌ನಲ್ಲಿ ಮಾತ್ರ ಶೇಕಡಾವಾರು ಲೆಕ್ಕವನ್ನು ಎಕ್ಸೆಲ್‌ಗೆ ಬಿಡಬೇಡಿ. ನಲ್ಲಿ 78, ಶುದ್ಧ ನೀರಿನ ಘಟಕ 66, ಕೊಳವೆಬಾವಿ 30, ಟ್ಯಾಂಕರ್ 12 ಬಂದಿದೆ ಎನ್ನಿ. ಒಟ್ಟು 186 ಉತ್ತರ. ‘ಪರ್ಸೆಂಟ್ ಆಫ್ ಕಾಲಂ ಟೋಟಲ್’ ಒತ್ತಿದರೆ ನಲ್ಲಿಗೆ ಶೇ 41.9 ಎನ್ನುತ್ತದೆ. ಅದು ಉತ್ತರಗಳ ಪಾಲು, ಮನೆಗಳ ಪಾಲಲ್ಲ. 120 ಮನೆಗಳಲ್ಲಿ 78 ಎಂದರೆ ಶೇ 65. ಪಿವೋಟ್ ಪಕ್ಕದ ಕಾಲಂನಲ್ಲಿ 120ರಿಂದ ಭಾಗಿಸಿ. ಊರುವಾರು ಬೇಕಾದರೆ ಆಯಾ ಊರಿನ ಮನೆಗಳ ಸಂಖ್ಯೆಯನ್ನು ಮೂಲ ಹಾಳೆಯಿಂದ ‘ಕೌಂಟ್‌ಇಫ್’ ಬಳಸಿ ತೆಗೆಯಿರಿ. ಎಲ್ಲ ಕೂಡಿದರೆ ಶೇ 155 ಆಗುತ್ತದೆ, ಆಗಲೇಬೇಕು. ‘ಒಂದಕ್ಕಿಂತ ಹೆಚ್ಚು ಉತ್ತರಕ್ಕೆ ಅವಕಾಶವಿತ್ತು’ ಎಂದು ಟೇಬಲ್ ಕೆಳಗೆ ಬರೆಯಿರಿ.

ಹೊಸ ಮನೆಗಳು ಸೇರಿದಾಗ ‘ರಿಫ್ರೆಶ್ ಆಲ್’ ಒತ್ತಿ. ಕ್ವೆರಿ ಮುಗಿಯುವ ಮೊದಲೇ ಪಿವೋಟ್ ಹಳೆಯ ಅಂಕಿಗಳೊಂದಿಗೆ ರಿಫ್ರೆಶ್ ಆಗಿರಬಹುದು. ಕ್ವೆರಿಯ ಪ್ರಾಪರ್ಟೀಸ್‌ನಲ್ಲಿ ‘ಎನೇಬಲ್ ಬ್ಯಾಕ್‌ಗ್ರೌಂಡ್ ರಿಫ್ರೆಶ್’ ಗುರುತು ತೆಗೆಯಿರಿ. ಅಲ್ಲಿಯವರೆಗೆ ಎರಡು ಸಲ ಒತ್ತಿ.