ಉಪಮೇಯದ ಮೂರನೇ ಮನೆ: ಪದಬಂಧದಲ್ಲಿ ಅಲಂಕಾರ ಮತ್ತು ತರ್ಕ

ಉಡುಪಿ ಕಡೆಯ ಹೈಸ್ಕೂಲು ಮಕ್ಕಳಿಗೆ ಅಲಂಕಾರಗಳ ಹೆಸರು, ಲಕ್ಷಣ ಎರಡೂ ಬಾಯಿಪಾಠ. ಪಠ್ಯದಲ್ಲಿಲ್ಲದ ಒಂದು ವಾಕ್ಯ ಕೊಟ್ಟು ಇದು ಯಾವುದು ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಒಂಬತ್ತು, ಹತ್ತನೇ ತರಗತಿಗೆ ನಾನು ಪದಬಂಧ ಮಾಡಿಕೊಡುವುದು ಈ ತೊಡಕಿಗಾಗಿ. ಬರೀ ಹೆಸರು ನೆನಪಿರಬೇಕಾದರೆ ಪದಬಂಧ ಬೇಡ, ಹತ್ತು ಸಲ ಬರೆಸಿದರೆ ಸಾಕು.

ಆದ್ದರಿಂದ ಸುಳಿವು ಬರೆಯುವುದೇ ದೊಡ್ಡ ಕೆಲಸ. 'ಎರಡು ವಸ್ತುಗಳ ಸಾದೃಶ್ಯ ಹೇಳುವ ಅಲಂಕಾರ (3)' ಎಂದು ಬರೆದರೆ ಅದು ಪ್ರಶ್ನೆಪತ್ರಿಕೆಯಾಯಿತು. ನನ್ನ ಹಾಳೆಯಲ್ಲಿ ಇಂಥ ಲಕ್ಷಣದ ಸುಳಿವು ಎರಡು ಇದ್ದರೆ ಹೆಚ್ಚು. ಉಳಿದವೆಲ್ಲ ಉದಾಹರಣೆಗಳು, ಅದೂ ಒಂದೇ ವಿಷಯವನ್ನು, ಇಲ್ಲಿ ಮಳೆಗಾಲದ ಆಟಿ ತಿಂಗಳ ಕಡಲನ್ನು, ತಿರುವಿ ತಿರುವಿ ಹೇಳಿದಂಥವು:

'ಆಟಿಯ ಕಡಲು ಕಟ್ಟಿಹಾಕಿದ ಕೋಣದ ಹಾಗೆ ಬುಸುಗುಡುತ್ತಿತ್ತು (3)'
'ಆಟಿಯ ಕಡಲೆಂಬ ಕೋಣ ಹಗ್ಗ ಹರಿದುಕೊಂಡಿತು (3)'
'ಕಂಬಳಗದ್ದೆಗೆ ಇಳಿಯಲು ಕೋಣವೇ ಹಟ ಹಿಡಿದಿದೆಯೋ ಎಂಬಂತೆ ಕಡಲು ಮೊರೆಯುತ್ತಿತ್ತು (3)'

ಉಪಮೆ, ರೂಪಕ, ಉತ್ಪ್ರೇಕ್ಷೆ. ಮೂರಕ್ಕೂ ಮೂರೇ ಮನೆ. ಮನೆ ಎಣಿಸಿ ಊಹಿಸುವ ದಾರಿ ಇಲ್ಲದ್ದರಿಂದ 'ಹಾಗೆ', 'ಎಂಬ', 'ಎಂಬಂತೆ'ಗಳನ್ನು ನೋಡಲೇಬೇಕಾಗುತ್ತದೆ. ದೃಷ್ಟಾಂತಕ್ಕೂ ಮೂರೇ ಮನೆ ಇರುವುದು ನಮ್ಮ ಅದೃಷ್ಟ.

ಹೆಚ್ಚು ತಪ್ಪಾಗುವುದು ಉತ್ಪ್ರೇಕ್ಷೆಯಲ್ಲಿ. ಮನೆಯಲ್ಲಿ, ಪತ್ರಿಕೆಯಲ್ಲಿ ಆ ಪದಕ್ಕೆ ಇದ್ದದ್ದನ್ನು ಉಬ್ಬಿಸಿ ಹೇಳುವುದು ಎಂದೇ ಅರ್ಥ. ಅಲಂಕಾರಶಾಸ್ತ್ರದಲ್ಲಿ ಅದು ಒಂದನ್ನು ಇನ್ನೊಂದಾಗಿ ಕಲ್ಪಿಸುವುದು. ಉಬ್ಬಿಸಿ ಹೇಳುವುದಕ್ಕೆ ಅತಿಶಯೋಕ್ತಿ ಎಂಬ ಬೇರೆ ಹೆಸರೇ ಇದೆ. ತರ್ಕದ ಪದಗಳಲ್ಲಂತೂ ಇಂಥ ಮೋಸ ಸಾಲುಸಾಲಾಗಿ ಸಿಗುತ್ತದೆ. ಅನುಮಾನ ಎಂದರೆ ಮಕ್ಕಳಿಗೆ ಸಂಶಯ, ತರ್ಕದಲ್ಲಿ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಪಕ್ಷ ಎಂದರೆ ಚುನಾವಣೆ, ತರ್ಕದಲ್ಲಿ ಏನನ್ನೋ ಇದೆಯೆಂದು ಸಾಧಿಸಬೇಕಾದ ಜಾಗ. ಪ್ರಮಾಣ ಎಂದರೆ ದೈವದ ಮುಂದಿನ ಆಣೆ, ತರ್ಕದಲ್ಲಿ ಸರಿಯಾಗಿ ತಿಳಿಯುವ ದಾರಿ. ಛಲ ಎಂದರೆ ಹಟ, ತರ್ಕದಲ್ಲಿ ಎದುರಾಳಿಯ ಮಾತಿಗೆ ಬೇರೆ ಅರ್ಥ ಹಚ್ಚಿ ಗೆಲ್ಲುವ ಕುಯುಕ್ತಿ. ಛಲಕ್ಕೆ ಹಳೆಯ ಉದಾಹರಣೆ 'ನವಕಂಬಲ': ಹೊಸ ಕಂಬಳಿ ಹೊದ್ದವನೆಂದರೆ, ಎಲ್ಲಿ ಒಂಬತ್ತು ಕಂಬಳಿ ಎಂದು ಕೇಳುವುದು. ನಮ್ಮ ಮಕ್ಕಳಿಗೆ ಅದು ಒಂಬತ್ತು ಕಂಬಳ ಎಂದು ಕೇಳಿಸುತ್ತದೆ. ತಿದ್ದಲು ಹೋಗುವುದಿಲ್ಲ, ಛಲದ ಪಾಠ ಅಲ್ಲೇ ಅರ್ಧ ಮುಗಿದಿರುತ್ತದೆ. ಇಂಥ ಪದಗಳಿಗೆ ಬಳಕೆಯ ಅರ್ಥವನ್ನು ಸುಳಿವಿನಲ್ಲೇ ತಳ್ಳಿಹಾಕುತ್ತೇನೆ: 'ಸಂಶಯವಲ್ಲ, ಹೊಗೆ ಕಂಡು ಬೆಂಕಿಯನ್ನು ತಿಳಿದದ್ದು (4)'.

ಇನ್ನು ಚೌಕಕ್ಕೆ ಬರೋಣ. ಕನ್ನಡದಲ್ಲಿ ಒಂದು ಅಕ್ಷರಕ್ಕೆ ಒಂದು ಮನೆ. ಗುಣಿತ, ಒತ್ತು, ಸೊನ್ನೆ ಎಲ್ಲ ಅದರೊಳಗೇ. ಅರ್ಥಾಂತರನ್ಯಾಸ ಎಂಬ ಅಲಂಕಾರಕ್ಕೆ ಆರು: ಅ, ರ್ಥಾಂ, ತ, ರ, ನ್ಯಾ, ಸ. ಉಚ್ಚಾರದಲ್ಲಿ 'ಅರ್' ಎಂದು ನಿಲ್ಲುವುದರಿಂದ ಮಕ್ಕಳು ಅರ್ಕಾವೊತ್ತನ್ನು ಮೊದಲ ಮನೆಗೆ ತುರುಕುತ್ತಾರೆ. ಛಂದಸ್ಸಿನಲ್ಲಿ ಪ್ರಸ್ತಾರ ಹಾಕಲು ಬಿಡಿಸಿದ ಹಾಗೇ ಬಿಡಿಸಿ ಎಂದರೆ ಸರಿಹೋಗುತ್ತದೆ. ಇಂಗ್ಲಿಷಿಗೆಂದು ಮಾಡಿದ ಪದಬಂಧ ತಂತ್ರಾಂಶಗಳನ್ನು ನಂಬಬೇಡಿ. ಯುನಿಕೋಡ್‌ನ ಪ್ರತಿ ಚಿಹ್ನೆಗೂ ಮನೆ ಕೊಡುವಂಥದ್ದಾದರೆ ಇದೇ ಪದ 13 ಮನೆ ತಿನ್ನುತ್ತದೆ, ದೀರ್ಘವೊಂದೇ ಒಂದು ಮನೆಯಲ್ಲಿ ಕೂತಿರುತ್ತದೆ. ಗಣಿತದ ಚೌಕುಳಿ ಪುಸ್ತಕ, ಪೆನ್ಸಿಲ್, ರಬ್ಬರ್ ಸಾಕು.

ಮೊದಲು ಬೇಕಾದ ಪದಗಳನ್ನು ಅಕ್ಷರ ಬಿಡಿಸಿ ಬರೆದು, ಯಾವ ಅಕ್ಷರ ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿಕೊಳ್ಳುತ್ತೇನೆ. ಮ, ಮಾ, ಮೇ ಇಲ್ಲಿ ಮೂರು ಬೇರೆ ಅಕ್ಷರ, ಒಂದರ ಮೇಲೊಂದು ಹಾಯುವುದಿಲ್ಲ. ತ್ಪ್ರೇ, ಷ್ಟಾಂ, ಶ್ಲೇ ಯಾವುದಕ್ಕೂ ಸಿಗುವುದಿಲ್ಲ. ಹಾಗಾಗಿ ಉತ್ಪ್ರೇಕ್ಷೆಯನ್ನು ಉ ಹಿಡಿದು ತೂಗಹಾಕಬೇಕು, ದೃಷ್ಟಾಂತವನ್ನು ತ ಹಿಡಿದು, ಶ್ಲೇಷವನ್ನು ಷ ಹಿಡಿದು ('ದೋಷ' ಇದಕ್ಕೆ ಒಳ್ಳೆಯ ಜೊತೆ). ಉದ್ದದ ಪದ ಮೊದಲು ಕೂರಬೇಕು.

ನನಗೆ ಸರಿಬಂದ 9×9ರ ಹಂದರ ಹೀಗಿದೆ. ಮೂರನೇ ಸಾಲಿನಲ್ಲಿ 4ರಿಂದ 9ನೇ ಮನೆಯವರೆಗೆ ಅರ್ಥಾಂತರನ್ಯಾಸ. ಅದರ ತ ಮೇಲೆ ಬಂದು ನಿಲ್ಲುವ ಹಾಗೆ ಮೊದಲ ಸಾಲಿನಿಂದ ದೃಷ್ಟಾಂತ. ಅ ಹಿಡಿದು ಕೆಳಕ್ಕೆ ಅನುಮಾನ, ಕೊನೆಯ ಸ ಹಿಡಿದು ಕೆಳಕ್ಕೆ ಸಮಾನಧರ್ಮ (ಹೋಲಿಸಿದ ಎರಡಕ್ಕೂ ಇರುವ ಗುಣ). ಐದನೇ ಸಾಲಿನಲ್ಲಿ 6ರಿಂದ 9ರವರೆಗೆ ಉಪಮಾನ (ಹೋಲಿಸಲು ತಂದದ್ದು, ಮೇಲಿನ ಸುಳಿವಿನ ಕೋಣ). ಅದರ ನ ಸಮಾನಧರ್ಮದ ನ ಮೇಲೆ ಬೀಳುತ್ತದೆ. ಉಪಮಾನದ ಉ ಹಿಡಿದು ಉತ್ಪ್ರೇಕ್ಷೆ ಇಳಿಯುತ್ತದೆ. ಆರನೇ ಸಾಲಿನಲ್ಲಿ ಎಡತುದಿಯಿಂದ ನಿಗಮನ (ತರ್ಕದ ಕೊನೆಯ ತೀರ್ಮಾನ) ಬಂದು ಅನುಮಾನದ ನ ಮೇಲೆ ಮುಗಿಯುತ್ತದೆ. ನಿಗಮನದ ನಿ ಹಿಡಿದು ನಿದರ್ಶನ. ಎಂಟು ಪದ ಗಟ್ಟಿಯಾಗಿ ಕೂತವು. ಇನ್ನೆರಡು ಮೂರು ಸಣ್ಣವು ಸೇರಿಸಬಹುದು, ಅದಕ್ಕಿಂತ ಹೆಚ್ಚು ಬೇಡ. ಇಂಗ್ಲಿಷ್ ಪತ್ರಿಕೆಗಳ ಪದಬಂಧದಲ್ಲಿ ಹಾಳೆ ತಲೆಕೆಳಗೆ ಮಾಡಿದರೂ ಕಪ್ಪು ಮನೆಗಳು ಅಲ್ಲಲ್ಲೇ ಕಾಣುತ್ತವಲ್ಲ, ಆ ಚಂದದ ಆಸೆ ನಾನು ಬಿಟ್ಟಿದ್ದೇನೆ.

ಅನುಮಾನಕ್ಕೆ ನಿಗಮನವನ್ನು ಎಳೆದು ತಂದದ್ದು ಸುಮ್ಮನೆ ಅಲ್ಲ. ಅನುಪ್ರಾಸವೂ ನಾಲ್ಕು ಮನೆಯದು, ಅದೂ 'ಅನು' ಎಂದೇ ಶುರು. ಅ ಒಂದೇ ಹಾಯ್ದರೆ ಎರಡೂ ಕೂರುತ್ತವೆ. ಅವಳಿ ಪದಗಳು ಬೇರೆಯಾಗುವ ಮನೆಯಲ್ಲೇ ಇನ್ನೊಂದು ಪದ ಹಾಯಬೇಕು. ಉಪಮಾನ, ಉಪಮೇಯ (ಹೋಲಿಕೆ ಪಡೆದದ್ದು, ಆ ಸುಳಿವಿನ ಕಡಲು), ಉಪನಯ (ತರ್ಕದ ನಾಲ್ಕನೇ ಹಂತ) ಈ ಮೂವರದ್ದು ಇನ್ನೂ ಕಷ್ಟ. ಉಪಮಾನದ ನ ಹಾಯ್ದರೆ ಸಂಶಯ ಹೋಯಿತು. ಉಪಮೇಯ, ಉಪನಯಗಳಿಗೆ ಕೊನೆಯಲ್ಲೂ ಯ. ಉಪಮೇಯದ ಯ ಹಿಡಿದು ಯಮಕ ಇಳಿಸುವುದು ಸುಲಭವಾಗಿ ಕಾಣುತ್ತದೆ, ಆದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಮೂರನೇ ಮನೆಯ 'ಮೇ' ಹಾಯಲೇಬೇಕು. ಉಪಮೇಯ ಮೊದಲ ಸಾಲಿನಲ್ಲಿದ್ದರೆ 'ಮೇ'ಯಿಂದಲೇ ಶುರುವಾಗುವ ಪದ ಬೇಕು, ತರ್ಕದಲ್ಲಾಗಲಿ ಅಲಂಕಾರದಲ್ಲಾಗಲಿ ಅಂಥದ್ದು ನನಗೆ ಸಿಕ್ಕಿಲ್ಲ. ಯಕ್ಷಗಾನದಿಂದ 'ಮೇಳ' ತಂದುಕೊಂಡೆ: 'ಧರ್ಮಸ್ಥಳದ್ದು, ಕಟೀಲಿನದ್ದು, ಮಂದಾರ್ತಿಯದ್ದು, ರಾತ್ರಿ ಆಟ ಆಡುವುದು (2)'. ಮೇಳ ಇಳಿಸಿದ ಮೇಲೆ ಪಕ್ಕದಲ್ಲಿ ಯಮಕ ಇರುವ ಹಾಗಿಲ್ಲ. ಎರಡನೇ ಸಾಲಿನಲ್ಲಿ ಳ, ಮ ಅಕ್ಕಪಕ್ಕ ಬಂದು 'ಳಮ' ಎಂಬ ಇಲ್ಲದ ಪದ ಹುಟ್ಟುತ್ತದೆ.

ತರ್ಕದ ಐದು ಅವಯವಗಳಿಗೆ, ಅಂದರೆ ಅನುಮಾನವನ್ನು ಹೇಳಿ ತೋರಿಸುವ ಐದು ಹಂತಗಳಿಗೆ, ಪುಸ್ತಕದ ಬೆಟ್ಟದ ಬೆಂಕಿಯ ಬದಲು ಬಚ್ಚಲ ಒಲೆ ಹಿಡಿಯುತ್ತೇನೆ. ಆಚೆಮನೆಯ ಒಲೆ ಉರಿಯುತ್ತಿದೆ: ಪ್ರತಿಜ್ಞೆ. ಹಂಚಿನ ಸಂದಿಯಲ್ಲಿ ಹೊಗೆ ಇರುವುದರಿಂದ: ಹೇತು. ಹೊಗೆ ಇದ್ದಲ್ಲೆಲ್ಲ ಬೆಂಕಿ, ನಮ್ಮ ಬಚ್ಚಲಲ್ಲಿ ತೆಂಗಿನ ಮಡಲು ಉರಿಯುವಾಗಿನ ಹಾಗೆ: ಉದಾಹರಣೆ. ಇಲ್ಲೂ ಅಂಥದೇ ಹೊಗೆ: ಉಪನಯ. ಆದ್ದರಿಂದ ಒಲೆ ಉರಿಯುತ್ತಿದೆ: ನಿಗಮನ. ಆಗುಂಬೆ ಘಾಟಿಯ ಮಂಜನ್ನು ಹೊಗೆ ಎಂದುಕೊಂಡವನ ಹೇತು ಹೇತ್ವಾಭಾಸ, ಅಂದರೆ ಹುಸಿ ಹೇತು (4).

ಇಷ್ಟಾದ ಮೇಲೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಿನಲ್ಲೇ ಗೆಲ್ಲಬೇಕು. ವಾಲಿ ರಾಮರ ವಾದ ಇಲ್ಲಿನ ಹೆಚ್ಚಿನ ಮಕ್ಕಳಿಗೆ ಗೊತ್ತಿರುತ್ತದೆ. 'ಮರೆಯಲ್ಲಿ ನಿಂತು ಬಾಣ ಬಿಟ್ಟದ್ದರಿಂದ' ಎಂದು ವಾಲಿ ಕೊಡುವುದು (2): ಹೇತು. ನೀನು ಮೃಗ, ಬೇಟೆಗೆ ಮರೆ ಸಲ್ಲುತ್ತದೆ ಎಂದು ರಾಮ ಹೇಳಿದಾಗ, 'ಮೃಗಕ್ಕೆ ತಮ್ಮನ ಹೆಂಡತಿಯ ಧರ್ಮಸೂಕ್ಷ್ಮ ಎಲ್ಲಿಂದ ಬಂತು?' ಎಂದು ವಾಲಿ ಎತ್ತುವುದು (3): ಆಕ್ಷೇಪ. ಇದಕ್ಕೆ 'ಖಂಡನೆ' ಎಂದು ಬರೆದವರೂ ಮೂರು ಮನೆ ತುಂಬಿಸುತ್ತಾರೆ. ಹಾಯುವ ಅಕ್ಷರ ಅವರನ್ನು ತಡೆದರೂ, ಯಾಕೆ ಖಂಡನೆ ಅಲ್ಲ ಎಂದು ಅವರೇ ವಾದಿಸಲಿ ಎಂದು ಐದು ನಿಮಿಷ ಬಿಡುತ್ತೇನೆ.

ತರಗತಿಯಲ್ಲಿ 40 ನಿಮಿಷ: 10 ಒಬ್ಬೊಬ್ಬರೇ, 15 ಜೋಡಿಯಾಗಿ, ಉಳಿದದ್ದು ಜಗಳಕ್ಕೆ. ಮನೆಯ ಅಗಲ 1.5 ಸೆಂ.ಮೀ. ಇರಲಿ. ಇಲ್ಲದಿದ್ದರೆ 'ತ್ಪ್ರೇ' ಕೆಳಗಿನ ಮನೆಗೆ ಇಳಿಯುತ್ತದೆ. ಒಂಬತ್ತು ಮನೆಗೆ 13.5 ಸೆಂ.ಮೀ., ಎ4 ಹಾಳೆಯಲ್ಲಿ ಕೆಳಗೆ ಸುಳಿವಿಗೆ ಜಾಗ ಉಳಿಯುತ್ತದೆ. ಖಾಲಿ ಮನೆಗಳಿಗೆ ಪೂರ್ತಿ ಕಪ್ಪು ಬಳಿಯದೆ ಓರೆಗೆರೆ ಹಾಕಿ, ಜೆರಾಕ್ಸಿನಲ್ಲಿ ಮಸಿ ಹರಡುವುದಿಲ್ಲ.

ಮರುವಾರ ತಿರುಗಿಸಿ ಕೊಡುತ್ತೇನೆ: ತುಂಬಿದ ಚೌಕ ನನ್ನದು, ಸುಳಿವು ಅವರದ್ದು. ಷರತ್ತು ಎರಡೇ. 'ಅಲಂಕಾರ' ಎಂಬ ಪದ ಸುಳಿವಿನಲ್ಲಿ ಇರಬಾರದು, ಪಠ್ಯದ ಸಾಲು ಎತ್ತಬಾರದು. ಬರೆದ ಸುಳಿವನ್ನು ಪಕ್ಕದ ಬೆಂಚಿನವರು ಚೌಕ ನೋಡದೆ ಬಿಡಿಸಬೇಕು. ಬೇರೆ ಉತ್ತರ ಬಂದರೆ ತಿದ್ದಬೇಕಾದ್ದು ಸುಳಿವು ಬರೆದವರು.