ಕ್ರೊಯೇಷಿಯನ್ ಮನೆಪಾಠಕ್ಕೆ ಕೂರುವ ಮುಂಚೆ: ಇಂಗ್ಲಿಷ್ ದಾರಿ ಬಿಡಿ, ಕನ್ನಡದಿಂದ ಹೋಗಿ

ಕ್ರೊಯೇಷಿಯಾದ ಜಾಗ್ರೆಬ್‌ಗೋ ಸ್ಪ್ಲಿಟ್‌ಗೋ ಕೆಲಸಕ್ಕೆ ಬಂದವರಲ್ಲಿ ಸುಮಾರು ಜನ ಒಬ್ಬ ಟೀಚರ್ ಗೊತ್ತು ಮಾಡಿಕೊಂಡು ಕ್ರೊಯೇಷಿಯನ್ ಶುರು ಮಾಡುತ್ತಾರೆ. ಮೂರನೇ ತಿಂಗಳಿಗೆ ನಿಲ್ಲಿಸುತ್ತಾರೆ. ಭಾಷೆ ಕಷ್ಟ ಅನ್ನುವುದಕ್ಕಿಂತ ಅವರು ಹಿಡಿದ ದಾರಿ ಸುತ್ತು. ಟೀಚರ್ ಇಂಗ್ಲಿಷ್‌ನಲ್ಲಿ ವಿವರಿಸುತ್ತಾರೆ, ನಾವೂ ತಲೆಯಲ್ಲಿ ಮೊದಲು ಇಂಗ್ಲಿಷ್ ವಾಕ್ಯ ಕಟ್ಟಿ ಆಮೇಲೆ ಅದನ್ನು ಕ್ರೊಯೇಷಿಯನ್‌ಗೆ ತಿರುಗಿಸುತ್ತೇವೆ. ನಾನೂ ಎರಡು ತಿಂಗಳು ಹೀಗೇ ಕಳೆದೆ, ಅದಕ್ಕೇ ಹೇಳುತ್ತಿದ್ದೇನೆ.

ಈ ಭಾಷೆಗೆ ಏಳು ವಿಭಕ್ತಿ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ಹೊಸ ಲೋಕ, ನಮಗೆ ಪ್ರೈಮರಿ ಸ್ಕೂಲಿನ ಪಾಠ ಅಲ್ವಾ? ನೋಡಿ: 'ಇದೆಮ್ ಉ ಜಾಗ್ರೆಬ್' ಅಂದರೆ ಜಾಗ್ರೆಬ್‌ಗೆ ಹೋಗುತ್ತೇನೆ. 'ರಾದಿಮ್ ಉ ಜಾಗ್ರೆಬು' ಅಂದರೆ ಜಾಗ್ರೆಬ್‌ನಲ್ಲಿ ಕೆಲಸ ಮಾಡುತ್ತೇನೆ. ಮಧ್ಯದ 'ಉ' ಎರಡರಲ್ಲೂ ಒಂದೇ, ಊರಿನ ಹೆಸರಿನ ಬಾಲ ಮಾತ್ರ ಬದಲಾಯಿತು. ಹೆಸರಿಗೆ ಬಾಲ ಹಚ್ಚಿ ಅರ್ಥ ಬದಲಾಯಿಸುವುದನ್ನು ನಾವು ದಿನಾ ಯೋಚಿಸದೇ ಮಾಡುತ್ತೇವೆ. ಇವಾನ್ ಅನ್ನುವವನನ್ನು ಕರೆಯುವಾಗ 'ಇವಾನೆ' ಅನ್ನುತ್ತಾರೆ, ಅದು ನಮ್ಮ ಸಂಬೋಧನೆಯೇ. ಟೀಚರ್ ಹೆಂಗಸಾದರೆ 'ಪ್ರೊಫೆಸೊರಿತ್ಸಾ', ಕರೆಯುವಾಗ 'ಪ್ರೊಫೆಸೊರಿತ್ಸೆ'.

ಹಾಗಂತ ಎಲ್ಲವೂ ಒಂದಕ್ಕೊಂದು ಹೊಂದುವುದಿಲ್ಲ. ನಾವು 'ಊರಿಗೆ' ಅಂತ ಚತುರ್ಥಿ ಹಾಕುವ ಕಡೆ ಅವರು ದ್ವಿತೀಯಾ ಹಾಕುತ್ತಾರೆ. 'ರೈಲಲ್ಲಿ ಹೋಗುತ್ತೇನೆ' ಅನ್ನುವುದು ಅಲ್ಲಿ 'ಇದೆಮ್ ವ್ಲಾಕೊಮ್', ಅಂದರೆ ತೃತೀಯಾ. ಆದ್ದರಿಂದ ನೋಟ್‌ಬುಕ್‌ನಲ್ಲಿ ಎರಡು ಸಾಲು ಹಾಕಿ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಕ್ರೊಯೇಷಿಯನ್, ಹೊಂದದ ಕಡೆ ಕೆಂಪು ಗೆರೆ. ಪಾಠದ ಗಂಟೆಯಲ್ಲಿ ಟೀಚರ್‌ಗೆ ಕೇಳಬೇಕಾದ್ದು ಆ ಕೆಂಪು ಗೆರೆಗಳನ್ನೇ. ಕನ್ನಡಕ್ಕೂ ವಿಭಕ್ತಿ ಇದೆ ಅಂತ ಮೊದಲ ದಿನವೇ ಅವರಿಗೆ ಹೇಳಿಬಿಡಿ, ಪಾಠದ ರೀತಿಯೇ ಬದಲಾಗುತ್ತದೆ.

'ನೀನು' ಮತ್ತು 'ನೀವು' ಕೂಡ ಹಾಗೇ. ಅವರಲ್ಲಿ 'ತಿ' ಮತ್ತು 'ವಿ'. ಟೀಚರ್ ವಯಸ್ಸಲ್ಲಿ ಚಿಕ್ಕವರಾದರೂ 'ವಿ' ಇಂದಲೇ ಶುರು ಮಾಡಿ, ಅವರಾಗಿ 'ತಿ' ಅನ್ನೋಣ ಅಂದ ಮೇಲೆ ಬದಲಾಯಿಸಿ. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ಟೀಚರ್ ಹುಡುಕುವುದು. ಇಟಾಕಿ, ಪ್ರೆಪ್ಲಿ ಥರದ ಕಡೆ ಆನ್‌ಲೈನ್ ಟೀಚರ್‌ಗಳು ಸಿಗುತ್ತಾರೆ. ಸರ್ಬಿಯನ್, ಬೋಸ್ನಿಯನ್ ಕಲಿಸುವವರೂ ಅಲ್ಲೇ ಇರುತ್ತಾರೆ, ಭಾಷೆಗಳು ತುಂಬಾ ಹತ್ತಿರ, ಆದರೆ ನೀವು ಇರುವುದು ಕ್ರೊಯೇಷಿಯಾದಲ್ಲಿ ಅಂದರೆ ಅಲ್ಲಿಯ ಮಾತೇ ಕಲಿಯಿರಿ. ಬ್ರೆಡ್‌ಗೆ ಇಲ್ಲಿ 'ಕ್ರುಹ್', ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ 'ಹ್ಲೆಬ್'. ತಿಂಗಳ ಹೆಸರುಗಳಂತೂ ಪೂರ್ತಿ ಬೇರೆ. ಅಕ್ಟೋಬರ್‌ಗೆ ಕ್ರೊಯೇಷಿಯನ್‌ನಲ್ಲಿ 'ಲಿಸ್ತೊಪಾದ್', ಎಲೆ ಉದುರುವ ತಿಂಗಳು. ಎಷ್ಟು ಚೆನ್ನಾಗಿದೆ!

ಟ್ರಯಲ್ ಕ್ಲಾಸ್‌ನಲ್ಲಿ ಒಂದೇ ಪ್ರಶ್ನೆ ಸಾಕು. ಮೇಲಿನ 'ಜಾಗ್ರೆಬ್', 'ಜಾಗ್ರೆಬು' ಎರಡನ್ನೂ ಬರೆದು, ಯಾಕೆ ಹೀಗೆ ಅಂತ ಕೇಳಿ. 'ನಾವು ಹಾಗೇ ಹೇಳೋದು' ಅಂತ ಬಿಟ್ಟರೆ ಅವರು ಒಳ್ಳೆಯ ಮಾತುಗಾರರಿರಬಹುದು, ಆದರೆ ಮೊದಲ ಆರು ತಿಂಗಳಿಗೆ ಬೇಡ. ಊರಲ್ಲಿದ್ದುಕೊಂಡೇ ಕಲಿಯುವವರು ಸಮಯ ನೋಡಿಕೊಳ್ಳಿ: ಚಳಿಗಾಲದಲ್ಲಿ ಕ್ರೊಯೇಷಿಯಾ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಅವರ ಸಂಜೆ 6 ಅಂದರೆ ಜನವರಿಯಲ್ಲಿ ನಮಗೆ ರಾತ್ರಿ 10:30.

ಪಾಠದ ಗಂಟೆಗೆ ದುಡ್ಡು ಕೊಡುತ್ತಿದ್ದೀರಿ, ಅದನ್ನು ವಿಭಕ್ತಿ ಟೇಬಲ್ ಬರೆಸಿಕೊಳ್ಳಲು ಕಳೆಯಬೇಡಿ. ಟೇಬಲ್ ಮನೆಯಲ್ಲಿ ಮಾಡಿ. ಹಿಂದಿನ ದಿನವೇ ನಿಮ್ಮ ಬದುಕಿನ ಐದಾರು ವಾಕ್ಯ ಬರೆದು ಕಳಿಸಿ, ಬಾಡಿಗೆ, ಬಸ್ಸು, ಆಫೀಸು, ಏನಾದರೂ ಸರಿ. ಪ್ರತಿ ತಪ್ಪನ್ನೂ ತಡೆದು ತಿದ್ದಬೇಡಿ, ಈ ವಾರ ಷಷ್ಠಿ ಮಾತ್ರ ತಿದ್ದಿ ಅಂತ ಬಾಯಿಬಿಟ್ಟು ಕೇಳಿ.

ಉಚ್ಚಾರದಲ್ಲಿ ಎರಡು ವಿಷಯ. ಅವರಿಗೆ ಎರಡು 'ಚ' ಇವೆ, ಒಂದು ಗಟ್ಟಿ, ಒಂದು ಮೃದು. ಜಾಗ್ರೆಬ್‌ನ ಮುಖ್ಯ ಚೌಕದ ಹೆಸರಿನ 'ಯೆಲಾಚಿಚ್'ನಲ್ಲಿ ಎರಡೂ ಇವೆ. ಜಾಗ್ರೆಬ್‌ನಲ್ಲಿ ಸುಮಾರು ಜನ ಎರಡನ್ನೂ ಒಂದೇ ಥರ ಹೇಳುತ್ತಾರೆ, ಹಾಗಾಗಿ ಕಿವಿಗೆ ಕೇಳಿಸದಿದ್ದರೆ ಗಾಬರಿ ಬೇಡ, ಆದರೆ ಬರೆಯುವಾಗ ತಪ್ಪುವಂತಿಲ್ಲ. ನಾನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ನೀವು ನೋಟ್‌ಬುಕ್‌ನಲ್ಲಿ ಅವರ 30 ಅಕ್ಷರಗಳಲ್ಲೇ ಬರೆಯಿರಿ. ಎರಡನೆಯದು ನಮ್ಮ ಋ. ಚೌಕಕ್ಕೆ 'ತೃಗ್' ಅನ್ನುತ್ತಾರೆ. 'ತ್ರುಗ್' ಅಲ್ಲ, ಉಕಾರ ಸೇರಿಸದೇ ನಾಲಿಗೆ ತುದಿಯಲ್ಲೇ ರಕಾರ ಆಡಬೇಕು.

ಕ್ರಿಯಾಪದಗಳನ್ನು ಜೋಡಿಯಾಗಿಯೇ ಕಲಿಯಿರಿ. 'ಪೀಸಾತಿ' ಬರೆಯುತ್ತಾ ಇರುವುದು, 'ನಾಪೀಸಾತಿ' ಬರೆದು ಮುಗಿಸುವುದು. ನಮ್ಮ 'ಬರೆಯುತ್ತಿದ್ದೆ', 'ಬರೆದುಬಿಟ್ಟೆ' ನೆನಪಿಟ್ಟುಕೊಂಡರೆ ಅರ್ಧ ದಾರಿ ಬಂದ ಹಾಗೆ.

ತಿಂಗಳಿಗೊಮ್ಮೆಯಾದರೂ ಪಾಠವನ್ನು ಹೊರಗೆ ತೆಗೆದುಕೊಂಡು ಹೋಗಿ. ನಾವು ಹೋಗುತ್ತಿದ್ದದ್ದು ಯೆಲಾಚಿಚ್ ಚೌಕದ ಮೇಲಿರುವ ದೊಲಾತ್ಸ್ ಮಾರ್ಕೆಟ್‌ಗೆ, ಕೆಂಪು ಕೊಡೆಗಳ ಕೆಳಗೆ ಹಣ್ಣು ತರಕಾರಿ ಇಟ್ಟುಕೊಂಡು ಕೂರುತ್ತಾರಲ್ಲ, ಅಲ್ಲಿಗೆ. ಟೀಚರ್ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು, ಮಾತು ನಿಮ್ಮದೇ. ಸೇಬು ಒಂದಾದರೆ 'ಯೆದ್ನಾ ಯಾಬುಕಾ'. ಎರಡಕ್ಕೆ 'ದ್ವಿಯೆ ಯಾಬುಕೆ', ಮೂರು ನಾಲ್ಕಕ್ಕೂ ಯಾಬುಕೆ. ಐದಕ್ಕೆ 'ಪೆತ್ ಯಾಬುಕಾ', ಈಗ ಅದು ಷಷ್ಠಿ ಬಹುವಚನ, ಕೊನೆಯ ಸ್ವರ ಉದ್ದ. ಒಂದು ಕಿಲೋ ಬೇಕೆಂದರೆ 'ಕೀಲು ಯಾಬುಕಾ, ಮೋಲಿಮ್', ಸೇಬುಗಳ ಕಿಲೋ. ಮನೆಯಲ್ಲಿ ಎಷ್ಟು ಸಲ ಬರೆದರೂ ನನಗೆ ಕೂರದಿದ್ದದ್ದು ತಕ್ಕಡಿ ಮುಂದೆ ನಾಲ್ಕು ಸಲ ಹೇಳಿದ ಮೇಲೆ ಕೂತಿತು. ಟೊಮೆಟೊಗೆ ಪಾಠದಲ್ಲಿ 'ರಾಯ್ಚಿತ್ಸಾ' ಅಂತ ಕಲಿತಿರುತ್ತೀರಿ, ಜಾಗ್ರೆಬ್‌ನ ಅಜ್ಜಿ 'ಪರಾದಾಯ್ಜ್' ಅನ್ನಬಹುದು, ಸಮುದ್ರದ ಕಡೆ ಹೋದರೆ 'ಪೊಮಿದೋರಿ'. ಮೂರನ್ನೂ ಬರೆದಿಟ್ಟುಕೊಳ್ಳಿ.

ಮುಂದಿನ ಪಾಠದಲ್ಲಿ ಆ ಮಾರ್ಕೆಟ್ಟಿನ ಕಥೆಯನ್ನೇ ಭೂತಕಾಲದಲ್ಲಿ ಹೇಳಿ. ಗಂಡಸು 'ಕೂಪಿಯೊ ಸಾಮ್' ಅನ್ನಬೇಕು, ಹೆಂಗಸು 'ಕೂಪಿಲಾ ಸಾಮ್', ಎರಡಕ್ಕೂ 'ನಾನು ಕೊಂಡೆ' ಅಂತಲೇ ಅರ್ಥ. ನನ್ನ ಟೀಚರ್ ಹೆಂಗಸು, ಅವರ ಬಾಯಿಂದ ದಿನಾ ಕೇಳಿ ಕೇಳಿ ನಾನೂ 'ಕೂಪಿಲಾ' ಅನ್ನುತ್ತಿದ್ದೆ. ನಿಮ್ಮ ಟೀಚರ್ ಹೆಂಗಸಾಗಿದ್ದು ನೀವು ಗಂಡಸಾಗಿದ್ದರೆ, ಅಥವಾ ತಿರುಗುಮುರುಗಾಗಿದ್ದರೆ, ಇದನ್ನು ಮೊದಲೇ ಅವರಿಗೆ ಹೇಳಿ, ನಿಮ್ಮ ರೂಪವನ್ನು ಅವರಿಂದಲೇ ಹೇಳಿಸಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.