ಕಲ್ಲು ಬೇರೆ, ಚಿನ್ನ ಬೇರೆ: ನಿಶ್ಚಿತಾರ್ಥಕ್ಕೆ ವಜ್ರದುಂಗುರ ಕೊಳ್ಳುವ ಬಗೆ

ಚಿನ್ನ ಕೊಳ್ಳುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗ್ರಾಂ ರೇಟೆಷ್ಟು, ವೇಸ್ಟೇಜ್ ಎಷ್ಟು, ಹಾಲ್‌ಮಾರ್ಕ್ ಇದೆಯೇ ಎಂದು ಕೇಳಿ ಕೇಳಿಯೇ ವ್ಯಾಪಾರ ಮುಗಿಸುತ್ತಾರೆ. ಅದೇ ಮಂದಿ ವಜ್ರದ ಕೌಂಟರಿನ ಮುಂದೆ ಕೂತರೆ ಮಾತೇ ಹೊರಡುವುದಿಲ್ಲ. ಟ್ರೇಯಲ್ಲಿರುವ ಉಂಗುರಕ್ಕೆ ಒಂದೇ ಒಂದು ಬೆಲೆಯ ಚೀಟಿ ಇರುತ್ತದೆ, ಅದನ್ನೇ ಒಪ್ಪಿಕೊಂಡು ಬರುತ್ತಾರೆ. ಆ ಒಂದು ಬೆಲೆಯನ್ನು ಬಿಡಿಸಿ ಎರಡಾಗಿ ನೋಡುವುದೇ ಇಲ್ಲಿ ಕಲಿಯಬೇಕಾದ ಕೆಲಸ. ಕಲ್ಲು ಒಂದು ವ್ಯಾಪಾರ, ಅದನ್ನು ಕೂರಿಸುವ ಚಿನ್ನ ಇನ್ನೊಂದು ವ್ಯಾಪಾರ.

ಮೊದಲು ಒಂದು ಗೊಂದಲ ಬಗೆಹರಿಯಲಿ. ‘ಕ್ಯಾರೆಟ್’ ಎಂಬ ಒಂದೇ ಮಾತನ್ನು ನಾವು ಎರಡಕ್ಕೂ ಬಳಸುತ್ತೇವೆ. ಚಿನ್ನದಲ್ಲಿ ಅದು ಶುದ್ಧತೆ: 24ರಲ್ಲಿ 18 ಪಾಲು ಚಿನ್ನವಿದ್ದರೆ 18 ಕ್ಯಾರೆಟ್. ವಜ್ರದಲ್ಲಿ ಅದು ತೂಕ: ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲು ಒಂದು ಸೆಂಟ್. ‘50 ಸೆಂಟ್ ಕಲ್ಲು’ ಅಂದರೆ ಅರ್ಧ ಕ್ಯಾರೆಟ್, 0.10 ಗ್ರಾಂ. ಬಿಲ್ ಓದುವಾಗ ಈ ಲೆಕ್ಕ ಬೇಕಾಗುತ್ತದೆ.

ಕಲ್ಲಿನಲ್ಲಿ ಮೊದಲು ನೋಡಬೇಕಾದ್ದು ಕಟಿಂಗ್

ಅಂಗಡಿಯವರು ಬಣ್ಣ ಮತ್ತು ಕ್ಲ್ಯಾರಿಟಿಯಿಂದ, ಅಂದರೆ ಕಲ್ಲಿನಲ್ಲಿ ಕಲೆಗಳು ಎಷ್ಟು ಕಡಿಮೆ ಎಂಬುದರಿಂದ, ಮಾತು ಶುರು ಮಾಡುತ್ತಾರೆ. ನೀವು ಕಟಿಂಗ್‌ನಿಂದ ಶುರು ಮಾಡಿ. ವಜ್ರ ಹೊಳೆಯುವುದು ಅದರ ಮುಖಗಳನ್ನು ಸರಿಯಾದ ಕೋನದಲ್ಲಿ ಕತ್ತರಿಸಿರುವುದರಿಂದ. ದುಂಡನೆಯ ಬ್ರಿಲಿಯಂಟ್ ಕಲ್ಲಿಗೆ 57 ಇಲ್ಲವೇ 58 ಮುಖಗಳಿರುತ್ತವೆ. ಮೇಲಿನಿಂದ ಒಳಹೊಕ್ಕ ಬೆಳಕು ತಳದ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ಬರಬೇಕು. ಕಲ್ಲು ಹೆಚ್ಚು ಆಳವಾಗಿದ್ದರೆ ಬೆಳಕು ಪಕ್ಕದಿಂದ ಸೋರಿ ನಡುವೆ ಕಪ್ಪು ಕಾಣುತ್ತದೆ. ತೀರಾ ಚಪ್ಪಟೆಯಾಗಿದ್ದರೆ ಅಂಚಿನ ಬಿಳುಪು ಒಳಗೆ ಉಂಗುರದಂತೆ ಕಂಡು, ಮೀನಿನ ಕಣ್ಣು ನೋಡಿದ ಹಾಗಾಗುತ್ತದೆ. ಆಳದ ಕಲ್ಲಿನಲ್ಲಿ ಇನ್ನೊಂದು ನಷ್ಟವಿದೆ: ತೂಕ ತಳದಲ್ಲಿ ಅಡಗಿರುತ್ತದೆ, ದುಡ್ಡು ಆ ತೂಕಕ್ಕೆ ಕೊಡುತ್ತೀರಿ, ಮೇಲಿನಿಂದ ಕಲ್ಲು ಚಿಕ್ಕದಾಗಿ ಕಾಣುತ್ತದೆ.

ದುಂಡು ಕಲ್ಲಿಗೆ ಸರ್ಟಿಫಿಕೇಟಿನಲ್ಲಿ ಕಟ್ ಎಂಬ ಕಡೆ ‘ಎಕ್ಸಲೆಂಟ್’ ಎಂದಿರಲಿ. ಟೇಬಲ್ (ಮೇಲಿನ ಚಪ್ಪಟೆ ಮುಖ) ಕಲ್ಲಿನ ಅಗಲದ ಶೇ. 54ರಿಂದ 58, ಆಳ ಶೇ. 59ರಿಂದ 62.5ರ ಒಳಗಿದ್ದರೆ ಒಳ್ಳೆಯ ಸೂಚನೆ. ಅಗಲವನ್ನೂ ಮಿಲಿಮೀಟರಿನಲ್ಲಿ ನೋಡಿ: ಚೆನ್ನಾಗಿ ಕತ್ತರಿಸಿದ 30 ಸೆಂಟ್ ಕಲ್ಲು ಸುಮಾರು 4.3, 50 ಸೆಂಟ್ ಸುಮಾರು 5.1, ಒಂದು ಕ್ಯಾರೆಟ್ ಸುಮಾರು 6.5 ಮಿ.ಮೀ. ಇರಬೇಕು. ಓವಲ್, ಪೇರ್, ಮಾರ್ಕೀಸ್ ಆಕಾರದವುಗಳಲ್ಲಿ ನಡುವೆ ಬೋ ಟೈಯಂಥ ಕಪ್ಪು ನೆರಳು ಬರುವುದುಂಟು. ಅದು ಕಾಗದದಲ್ಲಿ ಗೊತ್ತಾಗುವುದಿಲ್ಲ, ಕಲ್ಲನ್ನು ಅಲ್ಲಾಡಿಸಿ ಕಣ್ಣಿನಿಂದಲೇ ನೋಡಬೇಕು.

ಎಲ್ಲಿ ನೋಡುತ್ತೀರಿ ಎಂಬುದೂ ಮುಖ್ಯ. ಆಭರಣದಂಗಡಿಯ ಸ್ಪಾಟ್ ಲೈಟಿನ ಕೆಳಗೆ ಗಾಜಿನ ಚೂರೂ ಮಿಂಚುತ್ತದೆ. ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಹಗಲು ಬೆಳಕಿಗೆ ಬಂದು ನೋಡಿ. ಬಣ್ಣ ಪರೀಕ್ಷಿಸಲು ಬಿಳಿ ಕಾಗದ ಮಡಿಸಿ, ಬಿಡಿ ಕಲ್ಲನ್ನು ಅದರ ಮೇಲೆ ಬೋರಲು ಇಟ್ಟು ಪಕ್ಕದಿಂದ ನೋಡಿದರೆ ಹಳದಿ ಛಾಯೆ ಇದ್ದದ್ದು ಕಾಣುತ್ತದೆ.

ಬಣ್ಣದ ದರ್ಜೆ ‘ಡಿ’ಯಿಂದ ಶುರುವಾಗಿ ‘ಝಡ್’ವರೆಗೆ ಹೋಗುತ್ತದೆ, ‘ಡಿ’ ಅಂದರೆ ಬಣ್ಣವೇ ಇಲ್ಲದ್ದು. ವೈಟ್ ಗೋಲ್ಡ್ ಅಥವಾ ಪ್ಲಾಟಿನಂ ಆದರೆ ‘ಜಿ’, ‘ಎಚ್’ ಸಾಕು. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಲೋಹದ ಬಣ್ಣವೇ ಕಲ್ಲಿನೊಳಗೆ ಪ್ರತಿಫಲಿಸುತ್ತದೆ, ‘ಐ’ ಅಥವಾ ‘ಜೆ’ ಕೂಡ ಚೆನ್ನಾಗಿ ಕಾಣುತ್ತದೆ. ಕ್ಲ್ಯಾರಿಟಿಯಲ್ಲಿ ನಮ್ಮ ಅಂಗಡಿಗಳು ‘ವಿವಿಎಸ್’ (ತೀರಾ ಸಣ್ಣ ಕಲೆಗಳ ದರ್ಜೆ) ಎಂದು ಒತ್ತಿ ಹೇಳುತ್ತವೆ. ಆ ದರ್ಜೆಯ ಕಲೆಗಳು ಹತ್ತು ಪಟ್ಟು ದೊಡ್ಡದು ಮಾಡುವ ಲೂಪಿನಲ್ಲೂ ಸಿಗುವುದು ಕಷ್ಟ. ಅದಕ್ಕಿಂತ ಕೆಳಗಿನ ‘ವಿಎಸ್ 2’ ದರ್ಜೆಯ ಕಲ್ಲು ಬರಿಗಣ್ಣಿಗೆ ಸಾಮಾನ್ಯವಾಗಿ ಶುಭ್ರವಾಗಿಯೇ ಕಾಣುತ್ತದೆ, ಇನ್ನೂ ಕೆಳಗಿನ ‘ಎಸ್‌ಐ 1’ ಆದರೆ ಒಂದೊಂದನ್ನೂ ನೋಡಿ ಆರಿಸಬೇಕು. ಅಲ್ಲಿ ಉಳಿದ ದುಡ್ಡನ್ನು ಕಟಿಂಗ್‌ಗೆ ಹಾಕಿ.

ತೂಕದಲ್ಲಿ ಎರಡು ಕಡೆ ಎಚ್ಚರ ಬೇಕು. 50, 70, 100 ಸೆಂಟ್‌ನಂಥ ಗಡಿಗಳಲ್ಲಿ ಕ್ಯಾರೆಟ್ ದರವೇ ಜಿಗಿಯುತ್ತದೆ. 47 ಸೆಂಟ್ ಕಲ್ಲಿಗೂ 50 ಸೆಂಟ್ ಕಲ್ಲಿಗೂ ಅಗಲದಲ್ಲಿ ಇರುವುದು 0.1 ಮಿ.ಮೀ. ವ್ಯತ್ಯಾಸ, ಬೆರಳಿನ ಮೇಲೆ ಯಾರಿಗೂ ತಿಳಿಯದು. ಎರಡನೆಯದು, ‘ಅರ್ಧ ಕ್ಯಾರೆಟ್ ಉಂಗುರ’ ಎಂಬ ಮಾತು. ಇಪ್ಪತ್ತೈದು ಪುಟ್ಟ ಕಲ್ಲು ಸೇರಿ ಅರ್ಧ ಕ್ಯಾರೆಟ್ ಆಗುವುದಕ್ಕೂ ಒಂದೇ ಕಲ್ಲು ಅರ್ಧ ಕ್ಯಾರೆಟ್ ಇರುವುದಕ್ಕೂ ಬೆಲೆಯಲ್ಲಿ ಬಹಳ ಅಂತರವಿದೆ. ನಡುವಿನ ಕಲ್ಲಿನ ತೂಕ ಬೇರೆ, ಸುತ್ತಲಿನವುಗಳ ತೂಕ ಬೇರೆ ಬರೆಸಿಕೊಳ್ಳಿ.

ಕಾಗದ

ಅಂಗಡಿಯೇ ಅಚ್ಚು ಹಾಕಿದ ಕಾರ್ಡ್ ಸರ್ಟಿಫಿಕೇಟ್ ಅಲ್ಲ. 30 ಸೆಂಟ್ ಮೇಲಿನ ಒಂಟಿ ಕಲ್ಲಿಗೆ ಜಿಐಎ ಅಥವಾ ಐಜಿಐನಂಥ ಸ್ವತಂತ್ರ ಲ್ಯಾಬಿನ ವರದಿ ಕೇಳಿ, ಅದೂ ಬಿಡಿ ಕಲ್ಲಿನದ್ದು. ಉಂಗುರಕ್ಕೆ ಕೂರಿಸಿದ ಮೇಲೆ ಕಲ್ಲನ್ನು ತೂಗಲಾಗುವುದಿಲ್ಲ, ಬಣ್ಣವನ್ನು ಕರಾರುವಾಕ್ಕಾಗಿ ಹೇಳಲಾಗುವುದಿಲ್ಲ. ಹಾಗಾಗಿ ಆಭರಣದ ವರದಿಯಲ್ಲಿ ‘ಜಿ-ಎಚ್’ ಎಂದು ಜೋಡಿ ದರ್ಜೆ ಬರೆದಿರುತ್ತಾರೆ. ವರದಿಯ ನಂಬರನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ ತೂಕ, ಅಳತೆ ಹೊಂದುತ್ತವೆಯೇ ನೋಡಿ. ಅದೇ ನಂಬರನ್ನು ಕಲ್ಲಿನ ಅಂಚಿನಲ್ಲಿ ಲೇಸರಿನಿಂದ ಕೆತ್ತಿದ್ದರೆ ಸೂಕ್ಷ್ಮದರ್ಶಕದಲ್ಲಿ ತೋರಿಸಲು ಹೇಳಿ. ಎರಡು ಅಂಗಡಿಗಳ ಕಲ್ಲನ್ನು ಹೋಲಿಸುವಾಗ ಒಂದೇ ಲ್ಯಾಬಿನ ವರದಿಗಳನ್ನು ಇಟ್ಟುಕೊಂಡು ಹೋಲಿಸಿ, ಎಲ್ಲ ಲ್ಯಾಬುಗಳ ಕಟ್ಟುನಿಟ್ಟು ಒಂದೇ ಸಮ ಇರುವುದಿಲ್ಲ.

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವೂ ವಜ್ರವೇ. ರಾಸಾಯನಿಕವಾಗಿ, ಗಟ್ಟಿತನದಲ್ಲಿ, ಹೊಳಪಿನಲ್ಲಿ ಗಣಿಯದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಬೆಲೆ ಬಹಳ ಕಡಿಮೆ, ಮರುಮಾರಾಟದಲ್ಲಿ ಸಿಗುವುದೂ ತೀರಾ ಕಡಿಮೆ. ದೊಡ್ಡ ಕಲ್ಲು ಬೇಕು, ಮುಂದೆ ಮಾರುವ ಯೋಚನೆ ಇಲ್ಲ ಅನ್ನುವವರಿಗೆ ಅದು ಒಳ್ಳೆಯ ಆಯ್ಕೆಯೇ. ತಪ್ಪಾಗುವುದು ಅದನ್ನು ಗಣಿಯ ಕಲ್ಲಿನ ಬೆಲೆಗೆ ಕೊಂಡಾಗ. ಅಂಗಡಿಯಲ್ಲಿ ಪೆನ್ನಿನಂಥ ಯಂತ್ರ ಮುಟ್ಟಿಸಿ ಕೀಂಯ್ ಅನ್ನಿಸಿ ತೋರಿಸುತ್ತಾರಲ್ಲ, ಅದು ಶಾಖ ಹರಿಯುವುದನ್ನಷ್ಟೇ ಅಳೆಯುತ್ತದೆ. ಲ್ಯಾಬ್ ವಜ್ರಕ್ಕೂ ಅದು ಕೂಗುತ್ತದೆ, ವಜ್ರದಂತೆ ಕಾಣುವ ಬೇರೆ ಕಲ್ಲಾದ ಮೊಯ್ಸನೈಟ್‌ಗೂ ಹಲವು ಸಲ ಕೂಗುತ್ತದೆ. ಆದ್ದರಿಂದ ‘ನೈಸರ್ಗಿಕ’ ಅಥವಾ ‘ಲ್ಯಾಬ್‌ನಲ್ಲಿ ಬೆಳೆಸಿದ್ದು’ ಎಂಬ ಮಾತು ಬಿಲ್ಲಿನ ಮೇಲೇ ಇರಲಿ. ‘ಅಮೆರಿಕನ್ ಡೈಮಂಡ್’ ವಜ್ರವೇ ಅಲ್ಲ, ಅದು ಜಿರ್ಕೋನಿಯಾ.

ಮನೆಯಲ್ಲಿ ಅಜ್ಜಿಯ ವಜ್ರದೋಲೆ, ಮೂಗುಬಟ್ಟು ಇದ್ದರೆ ಹೊಸ ಕಲ್ಲು ಕೊಳ್ಳುವ ಮೊದಲು ಅವನ್ನು ಒಮ್ಮೆ ತೋರಿಸಿ. ನಮ್ಮ ಕಡೆಯ ಹಳೆಯ ಒಡವೆಗಳಲ್ಲಿ ಹಲವು ಹಿಂಬದಿ ಮುಚ್ಚಿದ ಕ್ಲೋಸ್ ಸೆಟ್ಟಿಂಗ್‌ನವು, ಬಿಚ್ಚಿದಾಗ ಕಲ್ಲಿನ ನಿಜವಾದ ಬಣ್ಣ ಬೇರೆಯೇ ಇರಬಹುದು. ನಿಮ್ಮ ಕಣ್ಣೆದುರಿಗೇ ಬಿಚ್ಚಿಸಿ, ತೂಗಿಸಿ, ಅಳತೆ ಬರೆಸಿ, ಫೋಟೊ ತೆಗೆದುಕೊಂಡ ಮೇಲೆಯೇ ಒಪ್ಪಿಸಿ.

ವಜ್ರ ಆಗಿಬರುತ್ತದೋ ಇಲ್ಲವೋ ಎಂದು ಜಾತಕ ತೋರಿಸುವ ಮನೆಗಳಲ್ಲಿ ಆ ಕೆಲಸ ಮುಂಗಡ ಕೊಡುವ ಮೊದಲೇ ಮುಗಿಯಲಿ. ಆರ್ಡರ್ ಕೊಟ್ಟು ಮಾಡಿಸಿದ ಉಂಗುರವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಅಪರೂಪ.

ಚಿನ್ನ ಮತ್ತು ಕೂರಿಸುವ ಕೆಲಸ

‘ನಿಶ್ಚಿತಾರ್ಥಕ್ಕೆ 22 ಕ್ಯಾರೆಟ್ಟೇ ಆಗಲಿ’ ಎಂದು ಹಿರಿಯರು ಹೇಳಬಹುದು. ಓಲೆಗೆ ಸರಿ, ದಿನವೂ ತೊಡುವ ವಜ್ರದುಂಗುರಕ್ಕೆ ಬೇಡ. 22 ಕ್ಯಾರೆಟ್ ಮೆತ್ತಗೆ. ಕಲ್ಲನ್ನು ಹಿಡಿದ ಪ್ರಾಂಗ್ (ಕೊಕ್ಕೆಯಂಥ ಸಣ್ಣ ಕಡ್ಡಿ) ಬಾಗಿದರೆ ಕಲ್ಲೇ ಹೋಗುತ್ತದೆ. 18 ಕ್ಯಾರೆಟ್ ತೆಗೆದುಕೊಳ್ಳಿ. ನಾಲ್ಕು ಪ್ರಾಂಗಿನಲ್ಲಿ ಕಲ್ಲು ಹೆಚ್ಚು ಕಾಣುತ್ತದೆ, ಆರು ಪ್ರಾಂಗ್ ಭದ್ರ: ಒಂದು ಸವೆದರೂ ಐದು ಹಿಡಿದಿರುತ್ತವೆ. ಕೈಕೆಲಸ ಹೆಚ್ಚಿರುವವರಿಗೆ ಸುತ್ತಲೂ ಪಟ್ಟಿ ಕಟ್ಟಿದ ಬೆಜೆಲ್ ಇನ್ನೂ ಒಳ್ಳೆಯದು. ವೈಟ್ ಗೋಲ್ಡ್ ಆದರೆ ಅದರ ಮೇಲಿನ ರೋಡಿಯಂ ಲೇಪ ಸವೆಯುತ್ತದೆ, ಆಗಾಗ ಮತ್ತೆ ಹಾಕಿಸಬೇಕು.

ಬೆರಳಿನ ಅಳತೆಯನ್ನು ಸಂಜೆ ತೆಗೆಯಿರಿ, ಬೆಳಗಿನ ತಂಪಿಗೆ ಬೆರಳು ಸಣ್ಣಗಿರುತ್ತದೆ. ಗೆಣ್ಣು ದಪ್ಪವಿದ್ದರೆ ಉಂಗುರ ಗೆಣ್ಣು ದಾಟುವಂತಿರಬೇಕು. ನಮ್ಮಲ್ಲಿನ ಸೈಜಿಗೆ 40 ಕೂಡಿಸಿದರೆ ಒಳಸುತ್ತಳತೆ ಸುಮಾರಾಗಿ ಮಿಲಿಮೀಟರಿನಲ್ಲಿ ಸಿಗುತ್ತದೆ: 12ನೇ ಸೈಜ್ ಅಂದರೆ 52 ಮಿ.ಮೀ.

ಬಿಲ್ಲನ್ನು ಬಿಡಿಸಿ ಓದುವುದು

ಲೆಕ್ಕಕ್ಕೆ ಸುಲಭವಾಗಲೆಂದು 24 ಕ್ಯಾರೆಟ್ ಚಿನ್ನ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. 18 ಕ್ಯಾರೆಟ್ ದರ ಅದರ ಮುಕ್ಕಾಲು, 7,500. ಉಂಗುರದ ಒಟ್ಟು ತೂಕ 3.10 ಗ್ರಾಂ, ಕಲ್ಲು 50 ಸೆಂಟ್. ಕಲ್ಲಿನ 0.10 ಗ್ರಾಂ ಕಳೆದರೆ ಚಿನ್ನ 3 ಗ್ರಾಂ, ಬೆಲೆ 22,500. ಮಜೂರಿ ಚಿನ್ನದ ಮೇಲೆ ಶೇ. 15 ಆದರೆ 3,375. ಕಲ್ಲು 80,000 ಎನ್ನಿ. ಮೊತ್ತ 1,05,875, ಅದರ ಮೇಲೆ ಶೇ. 3 ಜಿಎಸ್‌ಟಿ 3,176. ಎಲ್ಲ ಸೇರಿ 1,09,051 ರೂಪಾಯಿ.

ಇದೇ ಉಂಗುರಕ್ಕೆ ಬೋರ್ಡಿನ ಮೇಲಿರುವ 22 ಕ್ಯಾರೆಟ್ ದರವನ್ನು ಪೂರ್ತಿ 3.10 ಗ್ರಾಮಿಗೆ ಹಾಕಿದರೆ ಚಿನ್ನದ ಲೆಕ್ಕ 28,417 ಆಗುತ್ತದೆ. ಸುಮ್ಮನೆ 5,900 ರೂಪಾಯಿಗೂ ಹೆಚ್ಚು ಹೋಯಿತು. ಮಜೂರಿಯನ್ನು ಕಲ್ಲಿನ ಬೆಲೆಯ ಮೇಲೂ ಶೇಕಡಾವಾರು ಹಾಕಿದ್ದರೆ ಅದನ್ನೂ ಪ್ರಶ್ನಿಸಿ. ಒಟ್ಟು ತೂಕ, ನಿವ್ವಳ ತೂಕ, ದರ, ಮಜೂರಿ, ಕಲ್ಲಿನ ತೂಕ ಮತ್ತು ದರ್ಜೆ, ವರದಿಯ ನಂಬರ್ ಒಂದೊಂದೂ ಬೇರೆ ಸಾಲಿನಲ್ಲಿರಬೇಕು. ಚಿಕ್ಕಪೇಟೆಯಾಗಲಿ, ಕಮರ್ಷಿಯಲ್ ಸ್ಟ್ರೀಟ್ ಆಗಲಿ, ಹೀಗೆ ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಎದ್ದು ಬನ್ನಿ.

ಉಂಗುರದ ಒಳಬದಿಯಲ್ಲಿ ಬಿಐಎಸ್ ಗುರುತು, 18ಕೆ750 ಎಂಬ ಶುದ್ಧತೆ, ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನಕ್ಕೆ ಎಚ್‌ಯುಐಡಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಿ. ಆದರೆ ನೆನಪಿಡಿ, ಆ ಗುರುತು ಚಿನ್ನಕ್ಕೆ ಮಾತ್ರ, ವಜ್ರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಎಕ್ಸ್‌ಚೇಂಜ್ ಬೇರೆ, ಬೈಬ್ಯಾಕ್ ಬೇರೆ. ಮೊದಲನೆಯದರಲ್ಲಿ ಅದೇ ಅಂಗಡಿಯ ಇನ್ನೊಂದು ಒಡವೆ ಸಿಗುತ್ತದೆ, ಎರಡನೆಯದರಲ್ಲಿ ದುಡ್ಡು. ಶೇಕಡಾ ಎಷ್ಟು, ಅದು ಬಿಲ್ಲಿನ ಬೆಲೆಯ ಮೇಲೋ ಆ ದಿನದ ಬೆಲೆಯ ಮೇಲೋ, ಪುಟ್ಟ ಕಲ್ಲುಗಳಿಗೂ ಅನ್ವಯವೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮಜೂರಿ, ತೆರಿಗೆ ವಾಪಸ್ ಬರುವುದಿಲ್ಲ.

ಮಾಡಿಸುವುದಾದರೆ ನಿಶ್ಚಿತಾರ್ಥಕ್ಕೆ ಒಂದು ತಿಂಗಳು ಮೊದಲೇ ಆರ್ಡರ್ ಕೊಡಿ, ಸೈಜ್ ತಪ್ಪಿದರೆ ತಿದ್ದಿಸಲು ಸಮಯ ಉಳಿಯುತ್ತದೆ. ಉಂಗುರ ಕೈಗೆ ಬಂದಾಗ, ಬಾಕಿ ಹಣ ಕೊಡುವ ಮುಂಚೆ, ಕಲ್ಲಿನ ಅಂಚಿನ ನಂಬರನ್ನು ಮತ್ತೊಮ್ಮೆ ನೋಡಿ. ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಕಟಕಟ ಸದ್ದು ಬಂದರೆ ಕಲ್ಲು ಸಡಿಲವಿದೆ. ಪ್ರಾಂಗಿನ ತುದಿಯನ್ನು ರೇಷ್ಮೆ ಸೆರಗಿನ ಮೇಲೆ ಹಗುರವಾಗಿ ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ತುದಿ ಸರಿಯಾಗಿ ಕೂತಿಲ್ಲ, ಅಲ್ಲೇ ಸರಿ ಮಾಡಿಸಿ. ಮುಂದೆಯೂ ಆರು ತಿಂಗಳಿಗೊಮ್ಮೆ ಈ ಎರಡು ಪರೀಕ್ಷೆ ಮಾಡಿಕೊಳ್ಳಿ. ವಜ್ರಕ್ಕೆ ಎಣ್ಣೆ ಜಿಡ್ಡು ಬೇಗ ಅಂಟುತ್ತದೆ. ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅರ್ಧ ಗಂಟೆ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಕಲ್ಲಿನ ಅಡಿಭಾಗವನ್ನು ಉಜ್ಜಿದರೆ ಹೊಳಪು ಮರಳುತ್ತದೆ. ಸಿಂಕಿನ ಮೇಲೆ ಹಿಡಿದು ತೊಳೆಯಬೇಡಿ, ಬೋಗುಣಿಯಲ್ಲಿ ತೊಳೆಯಿರಿ.